ದುಬಾರಿ ಹೂದಾನಿ, ತೂಗುದೀಪ, ಲೈಮ್‌ವಾಶ್ ಗೋಡೆ: ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಮಾಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಮನೆ ಅಲಂಕಾರದ ಅಂಗಡಿಗಳಲ್ಲಿ ಈಗ ಯಾವುದಕ್ಕೆ ಬೆಲೆ ಜಾಸ್ತಿ ಅಂತ ಒಮ್ಮೆ ನೋಡಿ. ಒರಟು ಮೈಯ ಬೂದು ಬಣ್ಣದ ಹೂದಾನಿ. ಬಿದಿರಿನ ದೊಡ್ಡ ತೂಗುದೀಪ. ಗಾಜು ಹಾಕಿ ಚೌಕಟ್ಟು ಕಟ್ಟಿದ ಕೈಮಗ್ಗದ ಬಟ್ಟೆ. ಒಂದೇ ಬಣ್ಣದಲ್ಲಿ ತೆಳು-ಗಾಢ ಛಾಯೆ ಆಡುವ ಲೈಮ್‌ವಾಶ್ ಗೋಡೆ. ಇವುಗಳಲ್ಲಿ ಒಂದೂ ನಮಗೆ ಹೊಸದಲ್ಲ. ಕಾಗದ ನೆನೆಸಿ, ಮೆಂತ್ಯ ಅರೆದು ಸೇರಿಸಿ ಬುಟ್ಟಿ, ಮೊರಗಳಿಗೆ ಮೆತ್ತುವ ಕೆಲಸವನ್ನು ನಮ್ಮ ಕಡೆ ಅಜ್ಜಿಯಂದಿರು ಮಾಡುತ್ತಲೇ ಇದ್ದರು. ಹಬ್ಬ ಬಂತೆಂದರೆ ಗೋಡೆಗೆ ಸುಣ್ಣ ಬೀಳುತ್ತಿತ್ತು. ಅದೇ ಕಾಗದ, ಅದೇ ಸುಣ್ಣ ಈಗ ಸಾವಿರಾರು ರೂಪಾಯಿಯ ಚೀಟಿ ಅಂಟಿಸಿಕೊಂಡು ಬರುತ್ತಿವೆ.

ನಾನು ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಯಾವ ವಸ್ತು ಇಷ್ಟವಾದರೂ ಮೊದಲು ಕೇಳಿಕೊಳ್ಳುವುದು, ಇದರಲ್ಲಿ ನಾನು ದುಡ್ಡು ಕೊಡುತ್ತಿರುವುದು ಯಾವುದಕ್ಕೆ ಅಂತ. ಮೈಯ ಒರಟುತನಕ್ಕೆ, ಬಣ್ಣಕ್ಕೆ, ದೊಡ್ಡ ಗಾತ್ರಕ್ಕೆ, ಪ್ಯಾಕಿಂಗ್‌ಗೆ ಕೊಡುತ್ತಿದ್ದರೆ ಅದನ್ನು ಮನೆಯಲ್ಲೇ ಮಾಡಬಹುದು. ವರ್ಷಗಟ್ಟಲೆ ಕಲಿತ ಕೈಗೆ ಕೊಡುತ್ತಿದ್ದರೆ ಅದನ್ನು ಕೊಂಡುಕೊಳ್ಳಬೇಕು. ಬೀದರ್‌ನ ಬಿದ್ರಿ ಹೂಜಿಯ ಮೇಲೆ ಬೆಳ್ಳಿ ಕೂರಿಸಿರುತ್ತಾರೆ, ಅದರ ಕಪ್ಪು ಬಣ್ಣಕ್ಕೆ ಹಳೇ ಕೋಟೆಯ ಮಣ್ಣು ಬೇಕು. ಕಪ್ಪು ಪೇಂಟಿನ ಮೇಲೆ ಬೆಳ್ಳಿ ಬಣ್ಣ ಎಳೆದರೆ ಅದು ಬಿದ್ರಿ ಆಗುವುದಿಲ್ಲ. ಚನ್ನಪಟ್ಟಣದ ಹಾಲೆ ಮರದ ಗೊಂಬೆಯೂ ಹಾಗೇ. ಅರಗಿನ ಬಣ್ಣ ತಿರುಗುವ ಲೇತ್ ಮೇಲೆ ಮರಕ್ಕೆ ಹತ್ತಬೇಕು, ಆಮೇಲೆ ಒಣ ಎಲೆಗರಿಯಿಂದ ಉಜ್ಜಿ ಹೊಳಪು ತರಬೇಕು. ಅಂಥದ್ದನ್ನು ನಕಲು ಮಾಡಬೇಡಿ. ಉಳಿದದ್ದರಲ್ಲಿ ದುಡ್ಡು ಉಳಿಸಿ, ಇವುಗಳಲ್ಲಿ ಒಂದೇ ಒಂದು ಸಣ್ಣದನ್ನಾದರೂ ಅಸಲಿಯನ್ನೇ ತನ್ನಿ.

ಉಳಿದದ್ದು ಯಾವುದು, ಹೇಗೆ ಅಂತ ಈಗ ನೋಡೋಣ.

ಕಲ್ಲಿನಂತೆ ಕಾಣುವ ದೊಡ್ಡ ಹೂದಾನಿ

ಇದರಿಂದಲೇ ಶುರು ಮಾಡಿ. ಖರ್ಚು ತೀರಾ ಕಡಿಮೆ, ಫಲಿತಾಂಶ ಕಣ್ಣಿಗೆ ಹೊಡೆಯುವಂತೆ ಇರುತ್ತದೆ. ಒಂದೂವರೆ ಅಡಿ ಎತ್ತರದ ಹೂದಾನಿಗೆ ಬೇಕಾದದ್ದು ಇಷ್ಟು: ಹಳೇ ಪತ್ರಿಕೆ ಅಥವಾ ಮೊಟ್ಟೆಯ ಕಾಗದದ ಟ್ರೇ, ನೂರು ಗ್ರಾಂ ಮೆಂತ್ಯ, ಸ್ವಲ್ಪ ಫೆವಿಕಾಲ್, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಚಾಕ್ ಪೌಡರ್, ಒಳಗೆ ಇಡಲು ಒಂದು ಖಾಲಿ ಪ್ಲಾಸ್ಟಿಕ್ ಬಾಟಲಿ ಅಥವಾ ಡಬ್ಬ, ಸ್ಯಾಂಡ್ ಪೇಪರ್, ಹೊಳಪಿಲ್ಲದ ಎಮಲ್ಷನ್ ಪೇಂಟ್.

ನನ್ನ ಆಯ್ಕೆ ಮೊಟ್ಟೆಯ ಟ್ರೇ. ಅದು ಮೊದಲೇ ಅರೆದ ಕಾಗದದಿಂದ ಆಗಿರುವುದರಿಂದ ನೀರಿಗೆ ಹಾಕಿದರೆ ಬೇಗ ಬಿಚ್ಚಿಕೊಳ್ಳುತ್ತದೆ. ಪತ್ರಿಕೆಯೂ ಆಗುತ್ತದೆ, ಆದರೆ ಮಿರಿಮಿರಿ ಮಿಂಚುವ ಮ್ಯಾಗಜಿನ್ ಹಾಳೆ ಬೇಡ, ಅದರ ಮೇಲಿನ ಲೇಪನ ನೀರು ಕುಡಿಯಲು ಬಿಡುವುದಿಲ್ಲ. ಕತ್ತರಿಯಲ್ಲಿ ಕತ್ತರಿಸಬೇಡಿ, ಕೈಯಲ್ಲೇ ಹರಿಯಿರಿ. ಹರಿದ ಅಂಚಿನಲ್ಲಿ ನಾರು ಹೊರಗೆ ಬರುತ್ತದೆ, ಒಂದಕ್ಕೊಂದು ಹಿಡಿದುಕೊಳ್ಳುವುದು ಆ ನಾರೇ. ಬಿಸಿ ನೀರಲ್ಲಿ ಒಂದು ರಾತ್ರಿ ಪೂರ್ತಿ ನೆನೆಯಲಿ. ಪತ್ರಿಕೆಯಾದರೆ ಎರಡು ದಿನ ಬಿಡಿ, ನಡುವೆ ಒಮ್ಮೆ ನೀರು ಬದಲಾಯಿಸಿ. ಮೆಂತ್ಯವನ್ನೂ ಅದೇ ರಾತ್ರಿ ಬೇರೆ ಪಾತ್ರೆಯಲ್ಲಿ ನೆನೆಹಾಕಿ.

ಬೆಳಗ್ಗೆ ಕಾಗದವನ್ನು ಹಳೇ ಮಿಕ್ಸಿ ಜಾರಿನಲ್ಲಿ ಅರೆಯಿರಿ. ಪ್ರತಿ ಸಲ ಒಂದು ಹಿಡಿ ಕಾಗದ, ಮುಕ್ಕಾಲು ಜಾರು ನೀರು. ನೀರು ಕಡಿಮೆ ಹಾಕಿದರೆ ಮೋಟಾರು ಬಿಸಿಯಾಗುತ್ತದೆ. ಅಡುಗೆಗೆ ಬಳಸುವ ಜಾರು ಬೇಡ, ಪತ್ರಿಕೆಯ ಮಸಿ ಒಳಗೆ ಹೋಗುತ್ತದೆ. ಅರೆದದ್ದನ್ನು ಹಳೇ ಪಂಚೆಯ ತುಂಡಿಗೆ ಸುರಿದು ಹಿಂಡಿ. ಕೈಯಲ್ಲಿ ಉಂಡೆ ಕಟ್ಟಿದಾಗ ನಿಲ್ಲಬೇಕು, ಒತ್ತಿದರೆ ಒಂದೆರಡು ಹನಿ ಬರಬೇಕು, ಅಷ್ಟು ಸಾಕು. ಪೂರ್ತಿ ಒಣಗಿದಂತೆ ಹಿಂಡಿಬಿಟ್ಟರೆ ಗಂಟು ಗಂಟಾಗುತ್ತದೆ, ಆಮೇಲೆ ಎಷ್ಟು ನಾದಿದರೂ ಸರಿಹೋಗದು.

ಮೆಂತ್ಯವನ್ನು ನುಣ್ಣಗೆ, ಲೋಳೆ ಬರುವವರೆಗೆ ಅರೆಯಿರಿ. ಈ ಲೋಳೆಯೇ ಅಂಟು. ಮೆಂತ್ಯದ ಕಹಿಗೆ ಹುಳ ಹತ್ತುವುದಿಲ್ಲ ಅಂತ ಹಿರಿಯರು ಹೇಳುತ್ತಿದ್ದರು. ಹಿಂಡಿದ ಕಾಗದ ಮೂರು ಲೋಟ ಇದ್ದರೆ ಮೆಂತ್ಯದ ಹಿಟ್ಟು ಒಂದು ಲೋಟ, ಚಾಕ್ ಪೌಡರ್ ಒಂದು ಲೋಟ, ಫೆವಿಕಾಲ್ ಅರ್ಧ ಲೋಟ. ರೊಟ್ಟಿ ಹಿಟ್ಟಿನ ಹದಕ್ಕೆ ಬರುವವರೆಗೆ ಚೆನ್ನಾಗಿ ನಾದಿ, ಇಲ್ಲಿ ಆತುರ ಬೇಡ. ಚಾಕ್ ಪೌಡರ್ ಹಾಕದೆಯೂ ಗಟ್ಟಿಯಾಗುತ್ತದೆ, ಹಾಕಿದರೆ ಮಾತ್ರ ಮಣ್ಣಿನ ಪಾತ್ರೆಯ ನುಣುಪು ಬರುತ್ತದೆ.

ಇನ್ನು ಆಕಾರ. ಒಳಗೆ ಪ್ಲಾಸ್ಟಿಕ್ ಡಬ್ಬವನ್ನು ಹಾಗೇ ಬಿಟ್ಟು ಸುತ್ತ ಮೆತ್ತುವುದೇ ಒಳ್ಳೆಯದು, ಯಾಕಂದರೆ ಆಮೇಲೆ ಅದರಲ್ಲಿ ನೀರು ಹಾಕಿ ನಿಜವಾದ ಹೂವನ್ನೇ ಇಡಬಹುದು. ಡಬ್ಬದ ಮೈಯನ್ನು ಸ್ಯಾಂಡ್ ಪೇಪರಿನಿಂದ ಗೀರಿ, ಮೇಲೆ ತೆಳುವಾಗಿ ಫೆವಿಕಾಲ್ ಬಳಿದು, ಹತ್ತಿಯ ಹರಕು ಬಟ್ಟೆಯ ಪಟ್ಟಿ ಸುತ್ತಿ. ಬರೀ ಪ್ಲಾಸ್ಟಿಕ್ ಮೇಲೆ ಮೆತ್ತಿದರೆ ಒಣಗಿದ ಮೇಲೆ ಕಳಚಿಕೊಳ್ಳುತ್ತದೆ. ಹೊಟ್ಟೆ ಉಬ್ಬಿದ ಆಕಾರ ಬೇಕಿದ್ದರೆ ಪತ್ರಿಕೆಯನ್ನು ಉಂಡೆ ಮಾಡಿ, ಡಬ್ಬದ ನಡುಭಾಗಕ್ಕೆ ಟೇಪಿನಿಂದ ಬಿಗಿದು ಆಕಾರ ಕೊಡಿ. ಈ ಹಂತದಲ್ಲಿ ಹೂದಾನಿಯನ್ನು ದೂರ ಇಟ್ಟು ನಾಲ್ಕು ಕಡೆಯಿಂದ ನೋಡಿ. ಈಗ ಓರೆ ಇದ್ದರೆ ಕೊನೆಗೂ ಓರೆಯೇ.

ಮೆತ್ತುವಾಗ ಕಾಲು ಇಂಚಿಗಿಂತ ದಪ್ಪ ಬೇಡ. ದಪ್ಪ ಮೆತ್ತಿದರೆ ಹೊರಗೆ ಒಣಗಿ ಒಳಗೆ ಹಸಿ ಉಳಿಯುತ್ತದೆ, ವಾಸನೆ ಬರುತ್ತದೆ, ಬೂಷ್ಟು ಹಿಡಿಯುತ್ತದೆ. ಮೊದಲ ದಿನ ನೆರಳಲ್ಲಿ ಗಾಳಿಗೆ ಇಡಿ, ಆಮೇಲೆ ಬಿಸಿಲಿಗೆ. ನೇರವಾಗಿ ಸುಡುಬಿಸಿಲಿಗೆ ಇಟ್ಟರೆ ಮೇಲ್ಮೈ ಬೇಗ ಕುಗ್ಗಿ ಸೀಳುತ್ತದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಈ ಕೆಲಸಕ್ಕೆ ಹೇಳಿ ಮಾಡಿಸಿದ ಕಾಲ, ಮೂರು ನಾಲ್ಕು ದಿನದಲ್ಲಿ ಒಣಗುತ್ತದೆ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ದಯವಿಟ್ಟು ಶುರು ಮಾಡಬೇಡಿ. ಹೊರದೇಶದ ಚಳಿಯಲ್ಲಿ ಇರುವವರು ಮನೆಯೊಳಗೆ ಫ್ಯಾನಿನ ಮುಂದೆ ಇಟ್ಟು ಒಣಗಿಸಬಹುದು, ದಿನ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ತಟ್ಟಿದಾಗ ಟಕಟಕ ಅಂತ ಗಟ್ಟಿ ಸದ್ದು ಬಂದರೆ ಒಣಗಿದೆ ಎಂದರ್ಥ. ಮಂಕು ಸದ್ದು ಬಂದರೆ ಇನ್ನೂ ಇಡಿ.

ಸೀಳುಗಳು ಬಂದೇ ಬರುತ್ತವೆ. ಅದೇ ಹಿಟ್ಟನ್ನು ತೆಳ್ಳಗೆ ಮಾಡಿ ತುಂಬಿ, ಎರಡನೇ ತೆಳು ಪದರ ಬಳಿಯಿರಿ. ಒಣಗಿದ ಮೇಲೆ 80 ನಂಬರಿನ ಸ್ಯಾಂಡ್ ಪೇಪರಿನಿಂದ ಉಬ್ಬು ತೆಗೆದು, 220 ನಂಬರಿನಿಂದ ಕೈ ಹಗುರಾಗಿ ಆಡಿಸಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಧೂಳು ತುಂಬಾ ನವಿರು.

ಈಗ ನಿಜವಾದ ಗುಟ್ಟಿಗೆ ಬಂದೆವು. ಅಂಗಡಿಯಲ್ಲಿ ದುಬಾರಿ ಹೂದಾನಿಯನ್ನು ಕೈಗೆತ್ತಿಕೊಂಡು ಅದರ ಬಾಯಿಯನ್ನು ನೋಡಿ. ಅಂಚು ಸುಮಾರು ಒಂದು ಸೆಂಟಿಮೀಟರ್ ದಪ್ಪ ಇರುತ್ತದೆ, ಒಳಮುಖವಾಗಿ ಸ್ವಲ್ಪ ದುಂಡಗಾಗಿರುತ್ತದೆ, ಪೂರ್ತಿ ಸಮ ಇರುವುದಿಲ್ಲ. ಮನೆಯಲ್ಲಿ ಮಾಡಿದ್ದು ‘ಮನೆಯಲ್ಲಿ ಮಾಡಿದ್ದು’ ಅಂತ ಗೊತ್ತಾಗುವುದು ಆ ಬಾಯಿ ತೆಳ್ಳಗೆ ಇದ್ದು ಒಳಗಿನ ಪ್ಲಾಸ್ಟಿಕ್ ಇಣುಕಿದಾಗ. ಅದಕ್ಕೆ ಹಿಟ್ಟನ್ನು ಬೆರಳು ಗಾತ್ರದ ಬತ್ತಿ ಮಾಡಿ ಬಾಯಿಯ ಸುತ್ತ ಕೂರಿಸಿ, ಒಳಗೆ ಎರಡು ಇಂಚಿನಷ್ಟು ಕೆಳಗಿನವರೆಗೂ ಸವರಿ. ಎರಡನೆಯದು ತೂಕ. ಎತ್ತಿದಾಗ ಹಗುರ ಅನ್ನಿಸಿದರೆ ಕಲ್ಲು ಅಂತ ಯಾರು ನಂಬುತ್ತಾರೆ? ತಳದಲ್ಲಿ ತೊಳೆದ ಜಲ್ಲಿ ಅಥವಾ ಮರಳು ತುಂಬಿ. ಬೀಳುವ ಭಯವೂ ಹೋಗುತ್ತದೆ.

ಬಣ್ಣಕ್ಕೆ ಬರೀ ಬಿಳಿ ತರಬೇಡಿ, ಆಸ್ಪತ್ರೆಯ ಗೋಡೆಯ ಬಿಳಿ ಬರುತ್ತದೆ. ಬಿಳಿ ಎಮಲ್ಷನ್‌ಗೆ ಒಂದೆರಡು ಹನಿ ಕಪ್ಪು, ಚಿಟಿಕೆ ಕಾವಿ ಸೇರಿಸಿ. ಅದಕ್ಕೆ ಅಡುಗೆ ಸೋಡಾ ಬೆರೆಸಿದರೆ ಪೇಂಟ್ ದಪ್ಪಗಾಗಿ ಒರಟು ಮೈ ಬರುತ್ತದೆ, ಎರಡು ಪಾಲು ಪೇಂಟಿಗೆ ಒಂದು ಪಾಲು ಸೋಡಾ ಸಾಕು. ಸೋಡಾ ಬೆರೆಸಿದ್ದನ್ನು ಕೂಡಲೇ ಬಳಸಿ, ಇಟ್ಟರೆ ಗಟ್ಟಿಯಾಗುತ್ತದೆ. ಇನ್ನೂ ಒರಟು ಬೇಕಿದ್ದರೆ ಜರಡಿ ಹಿಡಿದ ನದಿ ಮರಳು. ಬ್ರಷ್ ಎಳೆಯಬೇಡಿ, ಸ್ಪಂಜಿನಿಂದ ತಟ್ಟಿ ತಟ್ಟಿ ಹಚ್ಚಿ. ಒಣಗಿದ ಮೇಲೆ ಸ್ವಲ್ಪ ಗಾಢ ಬಣ್ಣವನ್ನು ನೀರಾಗಿಸಿ ಮೇಲೆ ಬಳಿದು, ತಕ್ಷಣ ಒದ್ದೆ ಬಟ್ಟೆಯಿಂದ ಒರೆಸಿ. ತಗ್ಗುಗಳಲ್ಲಿ ಬಣ್ಣ ಉಳಿದು ಉಬ್ಬುಗಳು ತಿಳಿಯಾಗುತ್ತವೆ, ವರ್ಷಗಳ ಹಳೇ ಪಾತ್ರೆಯ ನೋಟ ಬರುವುದು ಇಲ್ಲೇ. ಕೊನೆಗೆ ಹೊಳಪಿಲ್ಲದ ಮ್ಯಾಟ್ ವಾರ್ನಿಷ್. ಹೊಳೆಯುವ ವಾರ್ನಿಷ್ ಹಚ್ಚಿದರೆ ಅಷ್ಟೂ ಶ್ರಮ ನೀರುಪಾಲು.

ಇದೇ ಹಿಟ್ಟಿನಿಂದ ಸ್ಟೀಲ್ ಬೋಗುಣಿಯನ್ನು ಬೋರಲು ಹಾಕಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಮೆತ್ತಿದರೆ ದೊಡ್ಡ ಹಣ್ಣಿನ ಬಟ್ಟಲು ಆಗುತ್ತದೆ. ಒಗ್ಗರಣೆಯ ಎಣ್ಣೆ, ನೀರು ತಾಗದ ಕಡೆ ಇಡಿ.

ಹರಿದ ಇಳಕಲ್ ಸೀರೆಯಿಂದ ಗೋಡೆಯ ಚಿತ್ರ

ಚೌಕಟ್ಟು ಹಾಕಿದ ಕೈಮಗ್ಗದ ಬಟ್ಟೆಗೆ ಆನ್‌ಲೈನ್‌ನಲ್ಲಿ ಕೇಳುವ ಬೆಲೆ ಕಂಡರೆ ನನಗೆ ಸಂಕಟವಾಗುತ್ತದೆ, ಯಾಕಂದರೆ ಅದಕ್ಕಿಂತ ಒಳ್ಳೆಯ ಬಟ್ಟೆ ನಮ್ಮ ಟ್ರಂಕುಗಳಲ್ಲಿ ನುಸಿ ಗುಳಿಗೆ ವಾಸನೆಯಲ್ಲಿ ಮಲಗಿದೆ. ಇಳಕಲ್ ಸೀರೆಯ ಒಡಲು ಸವೆದರೂ ಅಂಚು ಮತ್ತು ಕೆಂಪು-ಬಿಳಿಯ ‘ಟೋಪ ತೆನಿ’ ವಿನ್ಯಾಸದ ಸೆರಗು ಎಷ್ಟೋ ಸಲ ಗಟ್ಟಿಯಾಗೇ ಉಳಿದಿರುತ್ತದೆ. ಆ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಹತ್ತಿರದಿಂದ ನೋಡಿದರೆ ಆ ಸಾಲು ಕಾಣುತ್ತದೆ. ಚೌಕಟ್ಟಿನೊಳಗೆ ಆ ಕೊಂಡಿಯ ಸಾಲು ಕಾಣುವಂತೆ ಇಡಿ. ಇಳಕಲ್ ಅಂದರೆ ಅದೇ.

ಸೀರೆ ಇಲ್ಲದಿದ್ದರೆ ಗುಳೇದಗುಡ್ಡದ ಖಣ. ಬಾಗಲಕೋಟೆ ಜಿಲ್ಲೆಯ ಆ ಊರಿನ ಮಗ್ಗದಲ್ಲಿ ರವಿಕೆಗಂತಲೇ ನೇಯುವ ಬಟ್ಟೆ ಅದು, ಸಣ್ಣ ಸಣ್ಣ ವಿನ್ಯಾಸ, ಎರಡು ಕಡೆ ಅಂಚು. ಒಂದು ರವಿಕೆ ಖಣದಲ್ಲಿ ಎರಡು ಚೌಕಟ್ಟು ಆರಾಮಾಗಿ ಆಗುತ್ತವೆ. ಮಿಶ್ರ ನೂಲಿನ ಖಣಕ್ಕೂ ಪೂರ್ತಿ ರೇಷ್ಮೆಯ ಖಣಕ್ಕೂ ಬೆಲೆ ತುಂಬಾ ಬೇರೆ. ಗೋಡೆಗೆ ಮೊದಲನೆಯದು ಸಾಕು.

ಒಂದು ಮಾತು. ಮನೆಯಲ್ಲಿ ಕೈಯಿಂದ ಕಸೂತಿ ಹಾಕಿದ ಸೀರೆ ಇದ್ದರೆ ಅದಕ್ಕೆ ಕತ್ತರಿ ಹಾಕಬೇಡಿ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಹೊಲಿಗೆಗಳಲ್ಲಿ ಎಳೆ ಎಣಿಸಿ ಎಣಿಸಿ ಹಾಕಿದ ಕೆಲಸ ಅದು, ಹಿಂದೆ ಗಂಟು ಕೂಡ ಕಾಣಬಾರದು ಅಂತ ಹಾಕುತ್ತಾರೆ. ಹಾಗೇ ಮಡಚಿ, ತೇರು-ಗೋಪುರ ಇರುವ ಭಾಗ ಮಾತ್ರ ಕಾಣುವಂತೆ ಚೌಕಟ್ಟಿನ ಹಿಂದೆ ಉಳಿದದ್ದನ್ನು ಸೇರಿಸಬಹುದು. ನಾಳೆ ಬೇಕೆಂದರೆ ಬಿಚ್ಚಿ ಉಡಬಹುದು.

ಮೊದಲು ಬಣ್ಣ ಬಿಡುತ್ತದಾ ಅಂತ ನೋಡಿ. ಒದ್ದೆ ಬಿಳಿ ಬಟ್ಟೆಯನ್ನು ಮೂಲೆಯ ಮೇಲೆ ಒತ್ತಿ ಹಿಡಿಯಿರಿ. ಬಣ್ಣ ಹತ್ತಿದರೆ ತೊಳೆಯುವ ಸಾಹಸ ಬೇಡ, ಸುಮ್ನೆ ನೆರಳಿನಲ್ಲಿ ಗಾಳಿಗೆ ಹರಡಿ, ಒಳಮಗ್ಗುಲಿನಿಂದ ಇಸ್ತ್ರಿ ಮಾಡಿ. ಹಳೇ ಬಟ್ಟೆಯಾದರೆ ಹಿಂದೆ ಒಂದು ಬಿಳಿ ಹತ್ತಿ ಬಟ್ಟೆ ಇಟ್ಟು ಸುತ್ತಲೂ ಕೈಹೊಲಿಗೆ ಹಾಕಿ, ಎಳೆದಾಗ ಭಾರ ಅದರ ಮೇಲೆ ಬೀಳುತ್ತದೆ.

ಅಂಟು ಮಾತ್ರ ಬೇಡ. ಫೆವಿಕಾಲ್ ರೇಷ್ಮೆಯ ಮೇಲೆ ಕಲೆ ಬಿಡುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಚಿತ್ರಕಲೆಗೆ ಸಿಗುವ ಕ್ಯಾನ್ವಾಸ್ ಚೌಕಟ್ಟು ಅಥವಾ ಆರು ಮಿಲಿಮೀಟರ್ ಪ್ಲೈವುಡ್ ತನ್ನಿ. ಬಟ್ಟೆಯನ್ನು ಬೋರಲು ಹಾಸಿ, ಮೇಲೆ ಚೌಕಟ್ಟು ಇಟ್ಟು, ಮೊದಲು ಮೇಲಂಚಿನ ನಡುವೆ ಒಂದು ಪಿನ್ ಹೊಡೆಯಿರಿ. ಆಮೇಲೆ ಕೆಳ ಅಂಚಿನ ನಡುವೆ. ಆಮೇಲೆ ಎಡ, ಬಲ. ನಡುವಿನಿಂದ ಮೂಲೆಗಳ ಕಡೆಗೆ ಎದುರು ಬದುರಾಗಿ ಹೋಗಬೇಕು. ಒಂದು ಕಡೆ ಪೂರ್ತಿ ಹೊಡೆದು ಇನ್ನೊಂದು ಕಡೆಗೆ ಬಂದರೆ ಗೆರೆ ಓರೆಯಾಗುತ್ತದೆ, ಅದೂ ಇಳಕಲ್ ಅಂಚಿನ ಗೆರೆ ಒಂದು ನೂಲು ಓರೆಯಾದರೂ ಕಣ್ಣಿಗೆ ಕಂಡುಬಿಡುತ್ತದೆ. ಪ್ರತಿ ಎರಡು ಪಿನ್ನಿಗೊಮ್ಮೆ ತಿರುಗಿಸಿ ನೋಡಿ.

ಹೊರಗಿನ ಚೌಕಟ್ಟಿಗೆ ದೇವರ ಫೋಟೋ ಕಟ್ಟುವ ಅಂಗಡಿಗೇ ಹೋಗಿ, ಪ್ರತಿ ಊರಲ್ಲೂ ಒಂದಿರುತ್ತದೆ, ಅಲ್ವಾ? ತೆಳುವಾದ ಸಾದಾ ಮರದ ಪಟ್ಟಿ ಕೇಳಿ, ಚಿನ್ನದ ಬಣ್ಣದ ಹೂಬಳ್ಳಿ ಬೇಡ. ಬಟ್ಟೆಯ ಸುತ್ತ ಎರಡು ಮೂರು ಇಂಚು ಖಾಲಿ ಬಿಡಲು ತಿಳಿ ಬಣ್ಣದ ಮೌಂಟ್ ಬೋರ್ಡ್ ಹಾಕಿಸಿ. ದುಬಾರಿ ಚಿತ್ರಗಳಲ್ಲಿ ಕಾಣುವ ಗಾಂಭೀರ್ಯ ಆ ಖಾಲಿ ಜಾಗದಿಂದ ಬರುತ್ತದೆ. ಗಾಜು ಬಟ್ಟೆಗೆ ತಾಗದಂತೆ ನಡುವೆ ಸಣ್ಣ ಪಟ್ಟಿ ಇಡಲು ಹೇಳಿ, ತಾಗಿದರೆ ಮಳೆಗಾಲದ ತೇವ ಒಳಗೆ ಕೂರುತ್ತದೆ.

ನಾಲ್ಕು ಸಣ್ಣದಕ್ಕಿಂತ ಒಂದು ದೊಡ್ಡದು ಚೆನ್ನ. ಸೋಫಾದ ಮೇಲೆ ಹಾಕುವುದಾದರೆ ಅದರ ಅಗಲದ ಮೂರರಲ್ಲಿ ಎರಡು ಪಾಲು ಇರಲಿ, ಸೋಫಾದ ಬೆನ್ನಿನಿಂದ ಆರೆಂಟು ಇಂಚು ಮೇಲೆ. ಬರೀ ಗೋಡೆಯಾದರೆ ಚಿತ್ರದ ನಡುಭಾಗ ನೆಲದಿಂದ ಹೆಚ್ಚುಕಡಿಮೆ ಐದು ಅಡಿಗೆ ಬರಲಿ. ನಮ್ಮ ಮನೆಗಳಲ್ಲಿ ಚಿತ್ರಗಳನ್ನು ತೀರಾ ಮೇಲೆ, ಬಾಗಿಲ ತಲೆಯ ಮಟ್ಟಕ್ಕೆ ನೇತುಹಾಕುತ್ತೇವೆ. ಒಂದಡಿ ಕೆಳಗಿಳಿಸಿ ನೋಡಿ, ಕೋಣೆಯೇ ಬದಲಾದಂತೆ ಅನ್ನಿಸುತ್ತದೆ. ನೇರ ಬಿಸಿಲು ಬೀಳುವ ಗೋಡೆ ಬೇಡ, ಬಣ್ಣ ಮಾಸುತ್ತದೆ.

ಮೇದರ ಬುಟ್ಟಿಯಿಂದ ತೂಗುದೀಪ

ಊಟದ ಮೇಜಿನ ಮೇಲೆ ತೂಗುವ ಬಿದಿರಿನ ದೀಪ ಅಂತ ಮಾರುವುದರಲ್ಲಿ ಎಷ್ಟೋ ಆಕಾರಗಳು ನಮ್ಮ ಕೋಳಿ ಮುಚ್ಚುವ ಪಂಜರದ್ದೇ. ಮೇದರು ಹೆಣೆಯುವ ಆ ಗುಮ್ಮಟದಂಥ ಪಂಜರ, ಬಾಯಿ ಅಗಲದ ಬುಟ್ಟಿ, ಆಳವಿಲ್ಲದ ತಟ್ಟೆ ಬುಟ್ಟಿ, ಮೂರೂ ಆಗುತ್ತವೆ. ಬೆಂಗಳೂರಿನ ಬಂಬೂ ಬಜಾರ್, ಮೈಸೂರಿನ ಮೇದರ ಕೇರಿ, ಇಲ್ಲವೇ ನಿಮ್ಮ ಊರಿನ ಸಂತೆ. ಹೇಳಿ ಹೆಣೆಸಿದರೆ ಇನ್ನೂ ಒಳ್ಳೆಯದು, ‘ತಳದ ನಡುವೆ ಒಂದೂವರೆ ಇಂಚು ರಂಧ್ರ ಬಿಡಿ, ಹೆಣಿಗೆ ಸ್ವಲ್ಪ ಬಿಡಿಬಿಡಿಯಾಗಿರಲಿ’ ಅಂತ. ಬೆಲೆಯಲ್ಲಿ ಚೌಕಾಸಿ ಮಾಡಬೇಡಿ. ದೀಪದ ಅಂಗಡಿಯ ಬೆಲೆಗೆ ಹೋಲಿಸಿದರೆ ಅವರು ಕೇಳುವುದು ಏನೇನೂ ಅಲ್ಲ.

ಹಸಿ ಬಿದಿರಿಗೆ ಹುಳು ಬೀಳುತ್ತದೆ, ಕೆಲ ತಿಂಗಳಲ್ಲಿ ಮೇಜಿನ ಮೇಲೆ ಹಳದಿ ಹಿಟ್ಟು ಉದುರಲು ಶುರುವಾಗುತ್ತದೆ. ಅದಕ್ಕೆ ತಂದ ಕೂಡಲೇ ಒಂದು ವಾರ ಬಿಸಿಲಿಗೆ ಇಡಿ. ಬೋರಾಕ್ಸ್ ಮತ್ತು ಬೋರಿಕ್ ಪುಡಿಯನ್ನು ಬಿಸಿ ನೀರಲ್ಲಿ ಕರಗಿಸಿ ಎರಡು ಸಲ ಬಳಿದು ಒಣಗಿಸಿದರೆ ಹುಳುವಿನ ಕಾಟ ಕಡಿಮೆ. ಕೈಗವಸು ಹಾಕಿಕೊಳ್ಳಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಹೊಸ ಬಿದಿರಿನ ತಿಳಿ ಹಳದಿ ಬೇಡ ಅನ್ನಿಸಿದರೆ ಪೇಂಟ್ ಹೊಡೆಯಬೇಡಿ, ಹೆಣಿಗೆಯ ಸಂದು ಮುಚ್ಚಿಹೋಗುತ್ತದೆ. ಗಟ್ಟಿ ಕಾಫಿ ಡಿಕಾಕ್ಷನ್ ಬಳಿಯಿರಿ. ಒಂದು ಸಲಕ್ಕೆ ಜೇನು ಬಣ್ಣ, ಮೂರು ಸಲಕ್ಕೆ ಹಳೇ ಮರದ ಕಂದು. ಹೊರಗಿನ ಸಿಪ್ಪೆಯ ಹೊಳಪಿನ ಭಾಗ ಬಣ್ಣ ಕುಡಿಯುವುದಿಲ್ಲ, ಒಳಭಾಗ ಕುಡಿಯುತ್ತದೆ. ಆ ವ್ಯತ್ಯಾಸವೇ ಚೆಂದ. ಪೂರ್ತಿ ಒಣಗಿದ ಮೇಲೆ ಮ್ಯಾಟ್ ವಾರ್ನಿಷ್.

ರಂಧ್ರ ಮಾಡುವಾಗ ಮುಖ್ಯ ಕಡ್ಡಿಗಳನ್ನು ಕತ್ತರಿಸಬೇಡಿ, ಬುಟ್ಟಿಯ ಬಲ ಅಲ್ಲೇ ಇರುವುದು. ತಳವನ್ನು ಒದ್ದೆ ಮಾಡಿ, ದಬ್ಬಣ ತೂರಿಸಿ ಕಡ್ಡಿಗಳನ್ನು ಪಕ್ಕಕ್ಕೆ ಸರಿಸಿ, ನಡುವಿನ ತೆಳು ಸೀಳು ಒಂದೆರಡನ್ನು ಮಾತ್ರ ತೆಗೆದು, ತುದಿಗಳನ್ನು ದಾರದಿಂದ ಬಿಗಿಯಿರಿ. ಬಲ್ಬಿನ ಹೋಲ್ಡರ್ ತೂರಿಸಿ, ಅದರ ಉಂಗುರವನ್ನು ಒಳಗಿನಿಂದ ತಿರುಗಿಸಿ ಬಿಗಿ ಮಾಡಿ.

ಇನ್ನು ವಿದ್ಯುತ್ತು. ಎಲ್‌ಇಡಿ ಬಲ್ಬು ಮಾತ್ರ, ಏಳರಿಂದ ಒಂಬತ್ತು ವ್ಯಾಟ್, ವಾರ್ಮ್ ವೈಟ್. ಪೆಟ್ಟಿಗೆಯ ಮೇಲೆ 2700 ಅಥವಾ 3000 ಕೆ ಅಂತ ಬರೆದಿರುತ್ತದೆ. ಹಳೇ ತಂತಿ ಬಲ್ಬು ಕಾದು ಬಿದಿರಿಗೆ ಬೆಂಕಿ ಹತ್ತಬಹುದು, ಖಂಡಿತ ಬೇಡ. ಬಲ್ಬಿಗೂ ಹೆಣಿಗೆಗೂ ಮೂರು ನಾಲ್ಕು ಇಂಚು ಅಂತರ ಇರಲಿ. ಬುಟ್ಟಿಯ ಭಾರ ವೈರಿನ ಮೇಲೆ ಬೀಳಬಾರದು, ತಾರಸಿಯಲ್ಲಿ ಕೊಕ್ಕೆ ಹಾಕಿ ಬೇರೆ ತಂತಿಯಿಂದ ತೂಗಿಸಬೇಕು. ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕೈಯಲ್ಲೇ ಜೋಡಿಸಿ. ಈ ಖರ್ಚು ಉಳಿಸಲು ಹೋಗಬೇಡಿ. ಬುಟ್ಟಿಯ ಕೆಳ ಅಂಚು ಮೇಜಿನಿಂದ ಎರಡೂವರೆ ಅಡಿ ಮೇಲೆ ಇದ್ದರೆ ಎದುರು ಕೂತವರ ಮುಖವೂ ಕಾಣುತ್ತದೆ, ಬಲ್ಬು ಕಣ್ಣಿಗೆ ಚುಚ್ಚುವುದೂ ಇಲ್ಲ. ಸಂಜೆ ದೀಪ ಹಾಕಿದಾಗ ಗೋಡೆಯ ಮೇಲೆಲ್ಲ ಹೆಣಿಗೆಯ ನೆರಳು ಬೀಳುತ್ತದೆ. ಅದಕ್ಕೇ ಬಿಡಿ ಹೆಣಿಗೆ ಕೇಳಿ ಅಂದದ್ದು.

ಸುಣ್ಣದ ಗೋಡೆ

ಲೈಮ್‌ವಾಶ್ ಅಂದರೆ ಸುಣ್ಣ ಹೊಡೆಯುವುದು, ಅಷ್ಟೇ. ಸುಣ್ಣ ಗೋಡೆಗೆ ಹತ್ತಿದ ಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಕಲ್ಲಾಗುತ್ತದೆ, ಅದಕ್ಕೇ ಅದರ ಬಿಳುಪು ದಿನ ಕಳೆದಂತೆ ಹೆಚ್ಚುತ್ತದೆ. ಆದರೆ ಒಂದು ಷರತ್ತು ಇದೆ. ಗೋಡೆ ನೀರು ಕುಡಿಯುವಂತಿರಬೇಕು. ಹಳೇ ಸುಣ್ಣದ ಗೋಡೆ, ಬಣ್ಣ ಕಾಣದ ಸಿಮೆಂಟ್ ಗಾರೆ, ಮಣ್ಣಿನ ಗೋಡೆ, ಇಟ್ಟಿಗೆ, ಇವಕ್ಕೆ ಸರಿ. ಈಗಾಗಲೇ ಪ್ಲಾಸ್ಟಿಕ್ ಎಮಲ್ಷನ್ ಹೊಡೆದ ಗೋಡೆಯ ಮೇಲೆ ಸುಣ್ಣ ನಿಲ್ಲುವುದಿಲ್ಲ, ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಸಂಶಯವಿದ್ದರೆ ಗೋಡೆಗೆ ನೀರು ಚಿಮುಕಿಸಿ. ಹೀರಿಕೊಂಡರೆ ಮುಂದುವರಿಯಿರಿ, ಹನಿ ಜಾರಿದರೆ ಕೆಳಗೆ ಹೇಳುವ ಇನ್ನೊಂದು ದಾರಿ.

ಅರಳಿಸಿದ ಸುಣ್ಣದ ಪುಡಿ ಚೀಲದಲ್ಲಿ ಸಿಗುತ್ತದೆ, ಹೊಸಬರಿಗೆ ಅದೇ ಕ್ಷೇಮ. ಹರಳು ಸುಣ್ಣ, ಅಂದರೆ ಇನ್ನೂ ನೀರು ಕಾಣದ ಸುಟ್ಟ ಸುಣ್ಣ ತಂದು ನೀವೇ ನೀರಲ್ಲಿ ಅರಳಿಸುವುದಾದರೆ ಕಬ್ಬಿಣದ ಡ್ರಮ್ಮು ಬೇಕು, ತೆಳು ಪ್ಲಾಸ್ಟಿಕ್ ಬಕೆಟ್ ಕರಗಬಹುದು. ಕೊತಕೊತ ಕುದಿಯುವಷ್ಟು ಶಾಖ ಏಳುತ್ತದೆ. ನೀರಿಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು. ಕನ್ನಡಕ, ರಬ್ಬರ್ ಕೈಗವಸು ಕಡ್ಡಾಯ. ಕಣ್ಣಿಗೆ ಸಿಡಿದರೆ ಹದಿನೈದು ಇಪ್ಪತ್ತು ನಿಮಿಷ ಬಿಡದೆ ನೀರು ಹಾಕಿ ತೊಳೆದು ನೇರ ಆಸ್ಪತ್ರೆಗೆ ಹೋಗಬೇಕು. ಮಕ್ಕಳನ್ನು ಆ ದಿನ ನೆಂಟರ ಮನೆಗೆ ಕಳಿಸಿ.

ಅರಳಿದ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ. ಮೇಲೆ ನೀರು ನಿಲ್ಲುವಂತೆ ಮುಚ್ಚಿಟ್ಟರೆ ದಿನ ಕಳೆದಂತೆ ಇನ್ನೂ ನುಣ್ಣಗಾಗುತ್ತದೆ. ಬ್ರಷ್ ಎತ್ತಿದರೆ ಹನಿ ಹನಿ ಇಳಿಯುವಷ್ಟು ತೆಳ್ಳಗೆ ಮಾಡಿಕೊಳ್ಳಿ. ಬಣ್ಣಕ್ಕೆ ಕಾವಿ, ಹಳದಿ ಆಕ್ಸೈಡ್, ಕಪ್ಪು ಆಕ್ಸೈಡ್. ಪುಡಿಯನ್ನು ಮೊದಲು ನೀರಲ್ಲಿ ಕಲಸಿ ಆಮೇಲೆ ಸೇರಿಸಿ, ಸುಣ್ಣದ ತೂಕದ ಹತ್ತರಲ್ಲಿ ಒಂದು ಪಾಲು ಮೀರಬೇಡಿ, ಮೀರಿದರೆ ಕೈಗೆ ಹತ್ತುತ್ತದೆ. ಸ್ವಲ್ಪ ಗೋಂದು ಕಾಯಿಸಿ ಬೆರೆಸಿದರೆ ಹಿಡಿತ ಬರುತ್ತದೆ. ಒಣಗಿದಾಗ ಬಣ್ಣ ತುಂಬಾ ತಿಳಿಯಾಗುವುದರಿಂದ ಮೂಲೆಯಲ್ಲಿ ಒಂದು ಅಡಿ ಹೊಡೆದು ಮರುದಿನ ನೋಡಿ, ಆಮೇಲೆ ಪೂರ್ತಿ ಗೋಡೆ.

ಗೋಡೆಯನ್ನು ನೀರಿನಿಂದ ಒದ್ದೆ ಮಾಡಿ. ಅಗಲದ ಬ್ರಷ್ಷಿನಲ್ಲಿ ಅಡ್ಡಾದಿಡ್ಡಿ, ಗುಣಾಕಾರ ಚಿಹ್ನೆಯ ಹಾಗೆ ಕೈ ಆಡಿಸಿ, ರೋಲರ್ ಬೇಡ. ಹೊಡೆದ ಕೂಡಲೇ ಏನೂ ಮುಚ್ಚಿಲ್ಲ, ನೀರಿನಂತಿದೆ ಅನ್ನಿಸುತ್ತದೆ. ಹೆದರಿ ದಪ್ಪ ಬಳಿಯಬೇಡಿ, ಒಣಗಿದಾಗ ಗೋಡೆ ಮುಚ್ಚಿಕೊಂಡು ಬರುತ್ತದೆ. ತೆಳುವಾಗಿ ಮೂರು ಸಲ, ನಡುವೆ ಒಂದೊಂದು ದಿನ. ಅರ್ಧ ಗೋಡೆಗೆ ನಿಲ್ಲಿಸಿ ಊಟಕ್ಕೆ ಹೋದರೆ ಅಲ್ಲೊಂದು ಗೆರೆ ಉಳಿಯುತ್ತದೆ, ಒಂದು ಗೋಡೆಯನ್ನು ಒಂದೇ ಬೀಸಿಗೆ ಮುಗಿಸಿ.

ಎಮಲ್ಷನ್ ಗೋಡೆಯವರಿಗೆ: ಹತ್ತಿರ ಹತ್ತಿರದ ಎರಡು ಛಾಯೆಯ ಮ್ಯಾಟ್ ಎಮಲ್ಷನ್ ತನ್ನಿ. ತಿಳಿಯದ್ದನ್ನು ಎರಡು ಸಲ ಸಾಧಾರಣವಾಗಿ ಹೊಡೆಯಿರಿ. ಒಣಗಿದ ಮೇಲೆ ಗಾಢದ್ದಕ್ಕೆ ಸಮಪಾಲು ನೀರು ಬೆರೆಸಿ, ಅದೇ ಅಡ್ಡಾದಿಡ್ಡಿ ಬ್ರಷ್ ಆಡಿಸಿ, ಹಸಿ ಇರುವಾಗಲೇ ಒದ್ದೆ ಬಟ್ಟೆಯಿಂದ ಅಲ್ಲಲ್ಲಿ ತಟ್ಟಿ. ಹತ್ತಿರದಿಂದ ಮುಟ್ಟಿದರೆ ಸುಣ್ಣದ ತಂಪು ಸಿಗದು, ನೋಟ ಮಾತ್ರ ಹತ್ತಿರ ಬರುತ್ತದೆ. ಬಾಡಿಗೆ ಮನೆಯವರು ಎಂಟು ಅಡಿ ಎತ್ತರ, ನಾಲ್ಕು ಅಡಿ ಅಗಲದ ತೆಳು ಪ್ಲೈವುಡ್ ಹಾಳೆಗೆ ಇದೇ ಬಣ್ಣ ಹೊಡೆದು ಮಂಚದ ಹಿಂದೆ ನಿಲ್ಲಿಸಬಹುದು, ಮನೆ ಬಿಡುವಾಗ ಎತ್ತಿಕೊಂಡು ಹೋಗಬಹುದು.

ಇನ್ನೂ ಕೆಲವು, ಚುಟುಕಾಗಿ

ಹಿತ್ತಾಳೆ ಉರುಳಿ, ದೀಪದ ಕಂಬಗಳನ್ನು ಅಲಂಕಾರದ ಅಂಗಡಿಯಲ್ಲಿ ಕೊಳ್ಳಬೇಡಿ. ಪಾತ್ರೆ ಅಂಗಡಿಯಲ್ಲಿ ಹಳೆಯದು ತೂಕದ ಲೆಕ್ಕದಲ್ಲಿ ಸಿಗುತ್ತದೆ. ಜೇಬಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ, ಅಂಟಿದರೆ ಅದು ಹಿತ್ತಾಳೆ ಬಳಿದ ಕಬ್ಬಿಣ. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ, ಕೂಡಲೇ ತೊಳೆದು ಒರೆಸಿ.

ದೊಡ್ಡ ಕನ್ನಡಿಯನ್ನು ಗಾಜಿನ ಅಂಗಡಿಯಲ್ಲೇ ಕೊಯ್ಯಿಸಿ, ಐದು ಮಿಲಿಮೀಟರ್ ದಪ್ಪ, ಅಂಚು ಪಾಲಿಶ್ ಮಾಡಿಸಿ. ಕಮಾನಿನ ಆಕಾರ ಬೇಕಿದ್ದರೆ ರಟ್ಟಿನಲ್ಲಿ ಅಚ್ಚು ಕತ್ತರಿಸಿ ಕೊಡಿ. ಬಡಗಿ ಹತ್ತಿರ ಹಿಂದೆ ಪ್ಲೈವುಡ್ ಹಾಕಿಸಿಯೇ ಗೋಡೆಗೆ ನಿಲ್ಲಿಸಬೇಕು.

ಕಿಟಕಿ ಪರದೆಗೆ ದುಬಾರಿ ಬಟ್ಟೆ ಬೇಕಿಲ್ಲ. ಕೈಮಗ್ಗದ ಸಾದಾ ಹೊದಿಕೆ ಸಾಕು. ಕಂಬಿಯನ್ನು ಕಿಟಕಿಗಿಂತ ಆರು ಇಂಚು ಮೇಲೆ ಹಾಕಿ, ಬಟ್ಟೆ ನೆಲ ಮುಟ್ಟುವಂತೆ ಬಿಡಿ. ಕಿಟಕಿ ದೊಡ್ಡದಾಗಿ ಕಾಣುತ್ತದೆ. ಉಳಿದ ಖಣದ ತುಂಡುಗಳಿಂದ ಹದಿನಾರು ಇಂಚಿನ ದಿಂಬಿನ ಚೀಲ ಹೊಲಿಸಿ, ಒಳಗೆ ಹತ್ತಿ ಬಟ್ಟೆಯ ಅಸ್ತರು ಇರಲಿ, ಇಲ್ಲದಿದ್ದರೆ ಹೊಲಿಗೆಯಲ್ಲಿ ಎಳೆ ಬಿಚ್ಚುತ್ತದೆ. ಎಲ್ಲ ದಿಂಬಿಗೂ ಖಣ ಬೇಡ, ಎರಡಕ್ಕೆ ಸಾಕು, ಉಳಿದದ್ದು ಸಾದಾ ಬಣ್ಣ.

ಇಟ್ಟುಕೊಳ್ಳುವ ಬಗೆಯನ್ನೂ ಹೇಳಿಬಿಡುತ್ತೇನೆ. ಕಾಗದದ ಹೂದಾನಿಯನ್ನು ಒಣ ಬಟ್ಟೆಯಿಂದ ಮಾತ್ರ ಒರೆಸಿ, ಮಳೆಗಾಲದಲ್ಲಿ ಕಿಟಕಿಯ ಪಕ್ಕದಿಂದ ಸರಿಸಿ. ಬಿದಿರಿನ ದೀಪದ ಧೂಳನ್ನು ಬಲ್ಬು ಆರಿಸಿ ಹಳೇ ಪೇಂಟ್ ಬ್ರಷ್ಷಿನಿಂದ ತೆಗೆಯಿರಿ. ಚೌಕಟ್ಟಿನ ಬಟ್ಟೆಯನ್ನು ವರ್ಷಕ್ಕೊಮ್ಮೆ, ಯುಗಾದಿಗೆ ಮನೆ ಧೂಳು ಹೊಡೆಯುವಾಗ ಇಳಿಸಿ, ಹಿಂದೆ ತೇವ ಅಥವಾ ಹುಳ ಕೂತಿದೆಯಾ ಅಂತ ನೋಡಿ. ಸುಣ್ಣದ ಗೋಡೆಗೆ ಕೈ ಕಲೆ ಆದರೆ ತಿಕ್ಕಬೇಡಿ, ಉಳಿದ ಸುಣ್ಣವನ್ನು ನೀರು ನಿಲ್ಲಿಸಿ ಮುಚ್ಚಿಟ್ಟಿದ್ದರೆ ಅದರಲ್ಲೇ ಒಂದು ಕೈ ಹೊಡೆದರೆ ಸಾಕು.